ನಿದ್ದೆ ಬಂದ ಮೇಲೂ ಕಾಯಬೇಕಾದ ನಿಮಿಷಗಳು: ಮಕ್ಕಳ ಅರಿವಳಿಕೆಯಲ್ಲಿ ಹ್ಯಾಲೋಥೇನ್ ಮತ್ತು ಸೆವೋಫ್ಲುರೇನ್

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ನಾಲ್ಕು ವರ್ಷದ ಮಗನಿಗೆ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯ ಗ್ರಂಥಿ ಅಡಿನಾಯ್ಡ್ ತೆಗೆಸಬೇಕೆಂದು ಶಿವಮೊಗ್ಗದಲ್ಲಿ ಹೇಳಿದ್ದಾರೆ. ಸೆವೋಫ್ಲುರೇನ್ ಎಂಬ ಗ್ಯಾಸ್ ಕೊಟ್ಟು ನಿದ್ದೆ ಬರಿಸಿ, ಆಮೇಲೆ ಗಂಟಲಿಗೆ ಟ್ಯೂಬ್ ಹಾಕುತ್ತಾರಂತೆ. ಅಂದಾಜು ಪಟ್ಟಿಯಲ್ಲಿ ಆ ಗ್ಯಾಸಿಗೆ ಬೇರೆಯೇ ಮೊತ್ತ ಬರೆದಿದ್ದಾರೆ. ನನಗೆ ಐದು ವರ್ಷವಿದ್ದಾಗ ಇದೇ ಆಪರೇಷನ್ ಆಗಿತ್ತು. ಅಪ್ಪ ಜೋಪಾನವಾಗಿಟ್ಟಿದ್ದ ಹಳೆಯ ಚೀಟಿಯಲ್ಲಿ ಹ್ಯಾಲೋಥೇನ್ ಎಂದಿದೆ. ಸಿಹಿ ವಾಸನೆ ಬಂದದ್ದು, ಎಚ್ಚರವಾದ ಮೇಲೆ ತುಂಬ ಹೊತ್ತು ತೂಕಡಿಸಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಹಾಗಿದ್ದರೆ ಇವೆರಡಕ್ಕೆ ನಿಜವಾಗಿ ವ್ಯತ್ಯಾಸವಿದೆಯೇ? ಮಗ ಸೂಜಿ ಕಂಡರೆ ಹೌಹಾರುತ್ತಾನೆ. ಬರೀ ಗ್ಯಾಸಿನಲ್ಲೇ ಟ್ಯೂಬ್ ಹಾಕಬಹುದೇ? ಮಳೆ ಹಿಡಿದಾಗಿನಿಂದ ಅವನ ನೆಗಡಿ ಬಿಟ್ಟಿಲ್ಲ, ಅದನ್ನು ಹೇಳಲೇಬೇಕೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತಡವಾದರೆ ಉಪಯೋಗವಿಲ್ಲ. ನೆಗಡಿಯ ವಿಷಯವನ್ನು ಹೇಳಲೇಬೇಕು, ಆಪರೇಷನ್ ದಿನ ಬೆಳಿಗ್ಗೆ ಅಲ್ಲ, ಇವತ್ತೇ ಹೇಳಬೇಕು. ಕಾರಣ ಮುಂದೆ ತಿಳಿಯುತ್ತದೆ. ಅದು ಗ್ಯಾಸಿನ ಆಯ್ಕೆಗೂ ಸಂಬಂಧಪಟ್ಟದ್ದು.

ಇನ್ನು ಮುಖ್ಯ ಪ್ರಶ್ನೆ. ಎರಡು ಗ್ಯಾಸುಗಳೂ ಮಗುವನ್ನು ಮಲಗಿಸುತ್ತವೆ, ಎರಡರಲ್ಲೂ ಟ್ಯೂಬ್ ಹಾಕಬಹುದು, ಎರಡರಲ್ಲೂ ಲಕ್ಷಾಂತರ ಮಕ್ಕಳು ಸುಖವಾಗಿ ಎದ್ದು ಮನೆಗೆ ಹೋಗಿದ್ದಾರೆ. ನೀವೂ ಅವರಲ್ಲಿ ಒಬ್ಬರು. ಆದರೂ ವ್ಯತ್ಯಾಸವಿದೆ, ಮತ್ತು ಆ ವ್ಯತ್ಯಾಸ ಕಾಣುವುದು ಮಗುವಿಗೆ ನಿದ್ದೆ ಬಂದ ಗಳಿಗೆಗೂ ಅದರ ಗಂಟಲು ಟ್ಯೂಬನ್ನು ಒಪ್ಪಿಕೊಳ್ಳುವ ಗಳಿಗೆಗೂ ನಡುವೆ ಇರುವ ಕೆಲವೇ ನಿಮಿಷಗಳಲ್ಲಿ. ಕಣ್ಣು ಮುಚ್ಚಿದ ಮಾತ್ರಕ್ಕೆ ಮಗು ಟ್ಯೂಬಿಗೆ ಸಿದ್ಧವಾಗಿರುವುದಿಲ್ಲ. ಚರ್ಮದ ಮೇಲೆ ಗಾಯ ಮಾಡಿದರೆ ಕದಲದಿರಲು ಎಷ್ಟು ಅರಿವಳಿಕೆ ಬೇಕೋ ಅದಕ್ಕಿಂತ ಹೆಚ್ಚು ಆಳದ ಅರಿವಳಿಕೆ ಧ್ವನಿತಂತುಗಳ ನಡುವೆ ನಳಿಕೆ ಇಳಿಸಲು ಬೇಕು. ಬರೀ ಗ್ಯಾಸಿನಲ್ಲಿ ಟ್ಯೂಬ್ ಹಾಕುವುದಾದರೆ ಶ್ವಾಸಕೋಶದಲ್ಲಿ ಹ್ಯಾಲೋಥೇನ್ ಶೇಕಡಾ 1.4ರ ಆಸುಪಾಸಿನಲ್ಲಿ, ಸೆವೋಫ್ಲುರೇನ್ ಶೇಕಡಾ 3ರ ಆಸುಪಾಸಿನಲ್ಲಿ ನಿಲ್ಲಬೇಕು. ಅದೂ ಅರ್ಧದಷ್ಟು ಮಕ್ಕಳಿಗೆ ಸಾಕಾಗುವ ಪ್ರಮಾಣವೇ ಹೊರತು ಎಲ್ಲರಿಗೂ ಅಲ್ಲ. ಆ ಆಳಕ್ಕೆ ಇಳಿಯುವ ಮೊದಲೇ ಅವಸರದಲ್ಲಿ ಗಂಟಲು ಮುಟ್ಟಿದರೆ ಧ್ವನಿಪೆಟ್ಟಿಗೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಮಗು ಎದೆಯೆತ್ತಿ ಉಸಿರೆಳೆಯಲು ಯತ್ನಿಸುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಇದನ್ನು ನಾವು ಲ್ಯಾರಿಂಗೋಸ್ಪಾಸ್ಮ್ ಎನ್ನುತ್ತೇವೆ. ಹಾಗೆಂದು ಆಳವನ್ನು ಅತಿಯಾಗಿಸಿದರೆ ಹೃದಯ ಸೋಲುತ್ತದೆ. ಈ ಎರಡು ಅಪಾಯಗಳ ನಡುವಿನ ದಾರಿ ಯಾವ ಗ್ಯಾಸಿನಲ್ಲಿ ಅಗಲವಾಗಿದೆ ಎಂಬುದೇ ನಿಜವಾದ ಹೋಲಿಕೆ.

ಮೊದಲು ವೇಗದ ವಿಷಯ. ನಮ್ಮ ಕಡೆಯ ಮಳೆಯನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಜೂನ್ ಮೊದಲ ವಾರದಲ್ಲಿ ಎಷ್ಟೇ ಸುರಿದರೂ ತೋಟದ ಹಳ್ಳ ತಕ್ಷಣ ಏರುವುದಿಲ್ಲ. ಒಣಗಿದ ಮಣ್ಣು ಮೊದಲು ತನ್ನ ಪಾಲನ್ನು ಹೀರಿಕೊಳ್ಳುತ್ತದೆ. ಅದೇ ಮಳೆ ಬಂಡೆಯ ಮೇಲೆ ಬಿದ್ದರೆ ಆ ಕ್ಷಣದಲ್ಲೇ ಹರಿದು ಕೆಳಗಿಳಿಯುತ್ತದೆ. ಹ್ಯಾಲೋಥೇನ್ ರಕ್ತದಲ್ಲಿ ಚೆನ್ನಾಗಿ ಕರಗುವ ಗ್ಯಾಸ್. ರಕ್ತ ಅದನ್ನು ಮಣ್ಣಿನಂತೆ ಹೀರಿಕೊಳ್ಳುವುದರಿಂದ ಶ್ವಾಸಕೋಶದಲ್ಲಿ, ಅಲ್ಲಿಂದ ಮಿದುಳಿನಲ್ಲಿ ಅದರ ಮಟ್ಟ ಏರಲು ಹೊತ್ತು ಬೇಕು. ಈ ಕರಗುವಿಕೆಯ ಅಳತೆ ಹ್ಯಾಲೋಥೇನ್‌ಗೆ 2.4, ಸೆವೋಫ್ಲುರೇನ್‌ಗೆ ಸುಮಾರು 0.65. ಆದ್ದರಿಂದ ಸೆವೋಫ್ಲುರೇನ್ ಬಂಡೆಯ ಮೇಲಿನ ಮಳೆಯಂತೆ ಬೇಗ ಮಿದುಳು ಮುಟ್ಟುತ್ತದೆ, ನಿಲ್ಲಿಸಿದಾಗ ಬೇಗ ಇಳಿಯುತ್ತದೆ. ಮಳೆ ನಿಂತು ವಾರವಾದರೂ ನೆನೆದ ದಿಬ್ಬದಿಂದ ಒರತೆ ಜಿನುಗುತ್ತದಲ್ಲ, ಎಚ್ಚರವಾದ ಮೇಲೂ ನೀವು ತೂಕಡಿಸಿದ್ದಕ್ಕೆ ಬಹುಮಟ್ಟಿಗೆ ಅದೇ ಕಾರಣ.

ಆದರೆ ವೇಗವೊಂದೇ ಗುಣವಾಗಿದ್ದರೆ ಡೆಸ್ಫ್ಲುರೇನ್ ಎಂಬ ಮತ್ತೊಂದು ಗ್ಯಾಸ್ ಎಲ್ಲಕ್ಕಿಂತ ಮುಂದಿರಬೇಕಿತ್ತು, ಏಕೆಂದರೆ ಅದರ ಅಳತೆ 0.42. ಮಕ್ಕಳಿಗೆ ಮಾಸ್ಕಿನಲ್ಲಿ ನಿದ್ದೆ ಬರಿಸಲು ಅದನ್ನು ಬಳಸುವಂತಿಲ್ಲ. ಅದು ಗಂಟಲಿಗೆ ಖಾರ; ಮಗು ಕೆಮ್ಮಿ, ಉಸಿರು ಹಿಡಿದು, ಜೊಲ್ಲು ಸುರಿಸಿ, ಕೊನೆಗೆ ಧ್ವನಿಪೆಟ್ಟಿಗೆ ಬಿಗಿದುಕೊಳ್ಳುವ ಸಂಭವ ಬಹಳ ಹೆಚ್ಚು. ಐಸೋಫ್ಲುರೇನ್‌ನದೂ ಘಾಟು ವಾಸನೆಯೇ. ಇವೆರಡನ್ನೂ ಟ್ಯೂಬ್ ಒಳಗೆ ಹೋದ ಮೇಲೆ ನಿದ್ದೆಯನ್ನು ಮುಂದುವರಿಸಲು ಬಳಸಬಹುದು, ಆರಂಭಕ್ಕೆ ಬೇಡ. ನೈಟ್ರಸ್ ಆಕ್ಸೈಡ್ ಘಾಟು ವಾಸನೆಯಿಲ್ಲದ, ವೇಗದ ಗ್ಯಾಸ್; ಆದರೆ ತಾನೊಂದೇ ಟ್ಯೂಬಿಗೆ ಬೇಕಾದ ಆಳ ಕೊಡುವಷ್ಟು ಶಕ್ತಿ ಅದಕ್ಕಿಲ್ಲ. ಹೀಗಾಗಿ ಮಕ್ಕಳ ಮಟ್ಟಿಗೆ ಪೈಪೋಟಿ ಉಳಿಯುವುದು ಹ್ಯಾಲೋಥೇನ್ ಮತ್ತು ಸೆವೋಫ್ಲುರೇನ್ ನಡುವೆ ಮಾತ್ರ.

ಹ್ಯಾಲೋಥೇನ್‌ಗೆ ಸಲ್ಲಬೇಕಾದ ಗೌರವವನ್ನು ನಾನು ಕಡಿಮೆ ಮಾಡಲಾರೆ. 1951ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಸಕ್ಲಿಂಗ್ ಅದನ್ನು ತಯಾರಿಸಿದರು. 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೈಕೆಲ್ ಜಾನ್‌ಸ್ಟೋನ್ ರೋಗಿಗಳಿಗೆ ಕೊಟ್ಟರು. ಅದಕ್ಕೂ ಮೊದಲಿದ್ದ ಈಥರ್ ಬೆಂಕಿ ಹತ್ತುವಂಥದ್ದು, ಮಗುವಿನ ಕಣ್ಣುಮೂಗಿನಲ್ಲೆಲ್ಲ ನೀರು ಬರಿಸುವಂಥದ್ದು. ಬೆಂಕಿಯ ಭಯವಿಲ್ಲದ, ವಾಸನೆ ಹಿತವಾದ ಹ್ಯಾಲೋಥೇನ್ ಬಂದದ್ದು ಮಕ್ಕಳ ಪಾಲಿಗೆ ದೊಡ್ಡ ಉಪಕಾರ. ನಾನು ಕಲಿತದ್ದೂ ಅದರಲ್ಲೇ. ಬಾಯ್ಲ್ ಎಂಬ ಅರಿವಳಿಕೆ ಯಂತ್ರದ ಮೇಲೆ ದ್ರವವನ್ನು ಆವಿಯಾಗಿಸಿ ಅಳೆದು ಕೊಡುವ ಕೆಂಪು ಪಟ್ಟಿಯ ವೇಪರೈಸರ್, ಪಕ್ಕದಲ್ಲಿ ಕಂದು ಗಾಜಿನ ಬಾಟಲಿ. ಬೆಳಕಿಗೆ ಹ್ಯಾಲೋಥೇನ್ ಕೆಡುತ್ತದೆಂದು ಕಂದು ಗಾಜು. ಕೆಡದಿರಲೆಂದೇ ಅದಕ್ಕೆ ಶೇಕಡಾ 0.01ರಷ್ಟು ಥೈಮಾಲ್ ಬೆರೆಸುತ್ತಿದ್ದರು. ಥೈಮಾಲ್ ಎಂದರೆ ನಮ್ಮ ಅಡುಗೆಮನೆಯ ಓಮದ ಕಾಳಿಗೆ ಆ ವಾಸನೆ ಕೊಡುವ ವಸ್ತುವೇ. ಹ್ಯಾಲೋಥೇನ್ ಆವಿಯಾಗಿ ಹೋದರೂ ಥೈಮಾಲ್ ಹಿಂದೆ ಉಳಿದು ವೇಪರೈಸರಿನ ಒಳಗೆ ಅಂಟುತ್ತಿತ್ತು. ಅದನ್ನು ಆಗಾಗ ಖಾಲಿ ಮಾಡುವಾಗ ತಳದಿಂದ ಬರುತ್ತಿದ್ದ ಹಳದಿ ಬಣ್ಣದ ದ್ರವದಲ್ಲಿ ಓಮದ ಘಮ ನನಗೆ ಸ್ಪಷ್ಟವಾಗಿ ಗುರುತು ಸಿಗುತ್ತಿತ್ತು.

ಅದರ ದೋಷವಿದ್ದದ್ದು ಹೃದಯದ ಮೇಲೆ. ಹ್ಯಾಲೋಥೇನ್ ಹೃದಯದ ಸ್ನಾಯುವನ್ನು ನೇರವಾಗಿ ಸಡಿಲಗೊಳಿಸುತ್ತದೆ, ಬಡಿತವನ್ನು ನಿಧಾನಗೊಳಿಸುತ್ತದೆ. ಚಿಕ್ಕ ಮಕ್ಕಳ ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತವನ್ನು ಹೆಚ್ಚು ಮಾಡಿಕೊಳ್ಳಲಾರದು. ಅದು ಬದುಕುವುದು ಬಡಿತದ ಸಂಖ್ಯೆಯ ಮೇಲೆ. ಸಂಖ್ಯೆ ಇಳಿದರೆ ರಕ್ತದೊತ್ತಡವೂ ಇಳಿಯಿತೆಂದೇ ಅರ್ಥ. ಅದಕ್ಕಾಗಿಯೇ ಹ್ಯಾಲೋಥೇನ್ ಕಾಲದಲ್ಲಿ ನಾವು ಬಡಿತ ಇಳಿಯದಂತೆ ತಡೆಯುವ ಅಟ್ರೋಪಿನ್ ಎಂಬ ಔಷಧವನ್ನು ಮುಂಚಿತವಾಗಿ ಕೊಡುತ್ತಿದ್ದೆವು. ಇದಲ್ಲದೆ ಹ್ಯಾಲೋಥೇನ್ ಇರುವಾಗ ಹೃದಯ ಅಡ್ರಿನಲಿನ್‌ಗೆ ಬೇಗ ಕೆರಳಿ ತಾಳ ತಪ್ಪುತ್ತದೆ. ರಕ್ತ ಕಡಿಮೆ ಸುರಿಯಲೆಂದು ಶಸ್ತ್ರವೈದ್ಯರು ಚುಚ್ಚುವ ಔಷಧದಲ್ಲಿ ಅಡ್ರಿನಲಿನ್ ಇರಬಹುದು. ಆಳ ಸಾಲದ ಮಗುವಿನ ಗಂಟಲು ಮುಟ್ಟಿದಾಗ ಅದರ ಮೈಯೇ ಅಡ್ರಿನಲಿನ್ ಸುರಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಒಂದು ಲೆಕ್ಕವಿದೆ, ಅದನ್ನು ನಾನು ಕಿರಿಯ ವೈದ್ಯರಿಗೆ ಮೊದಲ ದಿನವೇ ಹೇಳುತ್ತೇನೆ. ಹ್ಯಾಲೋಥೇನ್ ವೇಪರೈಸರನ್ನು ಪೂರ್ತಿ ತಿರುಗಿಸಿದರೆ ಶೇಕಡಾ 5 ಬರುತ್ತದೆ; ಗಾಯ ಮಾಡಿದರೂ ಮಗು ಕದಲದಿರಲು ಬೇಕಾದದ್ದು ಶೇಕಡಾ 0.9ರಷ್ಟು. ಅಂದರೆ ಅಗತ್ಯದ ಐದೂವರೆ ಪಟ್ಟು ಕೊಡಬಲ್ಲ ಸಾಧನ ಅದು. ಸೆವೋಫ್ಲುರೇನ್ ವೇಪರೈಸರು ಪೂರ್ತಿ ತೆರೆದರೆ ಶೇಕಡಾ 8, ಮಗುವಿಗೆ ಬೇಕಾದದ್ದು ಶೇಕಡಾ 2.5ರಷ್ಟು, ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಎಂಟು ಎಂಬ ಅಂಕಿ ಐದಕ್ಕಿಂತ ದೊಡ್ಡದಾಗಿ ಕಂಡರೂ ಕೈತಪ್ಪಿನಲ್ಲಿ ಮಗುವಿಗೆ ಅತಿಯಾಗಿ ಹೋಗುವ ಅವಕಾಶ ಹ್ಯಾಲೋಥೇನ್‌ನಲ್ಲೇ ಹೆಚ್ಚು. ಮಗು ತಾನೇ ಉಸಿರಾಡುತ್ತಿರುವವರೆಗೆ ಒಂದು ಕಾವಲು ಇರುತ್ತದೆ: ನಿದ್ದೆ ಆಳವಾದಂತೆ ಉಸಿರು ಕಿರಿದಾಗುತ್ತದೆ, ಉಸಿರು ಕಿರಿದಾದಂತೆ ಗ್ಯಾಸು ಒಳಗೆ ಹೋಗುವುದೂ ಕಡಿಮೆಯಾಗುತ್ತದೆ. ವೈದ್ಯರು ಚೀಲವನ್ನು ಒತ್ತಿ ಉಸಿರು ಕೊಡಲು ತೊಡಗಿದ ಕ್ಷಣವೇ ಆ ಕಾವಲು ತೆಗೆದುಹೋಗುತ್ತದೆ.

ಇದು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ತರಬೇತಿಯ ದಿನಗಳಲ್ಲಿ, ಹರ್ನಿಯಾಕ್ಕೆ ಬಂದಿದ್ದ ಎರಡು ವರ್ಷದ ಮಗುವೊಂದರ ಉಸಿರು ಸಣ್ಣದಾಯಿತೆಂದು ನಾನು ಚೀಲ ಒತ್ತಲು ತೊಡಗಿದೆ, ಹ್ಯಾಲೋಥೇನ್ ಕಡಿಮೆ ಮಾಡುವುದನ್ನು ಮರೆತೆ. ಎದೆಯ ಮೇಲೆ ಅಂಟಿಸಿದ್ದ ಸ್ಟೆತಾಸ್ಕೋಪಿನ ನಳಿಕೆ ನನ್ನ ಕಿವಿಯಲ್ಲಿತ್ತು. ಟಕ್‌ಟಕ್ ಎನ್ನುತ್ತಿದ್ದ ಶಬ್ದ ಮೊದಲು ಮಂದವಾಯಿತು, ಆಮೇಲೆ ದೂರ ದೂರವಾಯಿತು. ಹಿಂದೆ ನಿಂತಿದ್ದ ಹಿರಿಯರು ಮಾತಾಡದೆ ಕೈಚಾಚಿ ವೇಪರೈಸರ್ ಮುಚ್ಚಿ, ಅಟ್ರೋಪಿನ್ ಕೊಟ್ಟು, ಬರೀ ಆಮ್ಲಜನಕದಲ್ಲಿ ಚೀಲ ಒತ್ತಿಸಿದರು. ಒಂದು ನಿಮಿಷದೊಳಗೆ ಬಡಿತ ಮರಳಿತು, ಮಗು ಚೆನ್ನಾಗಿ ಎದ್ದಿತು. ತಪ್ಪು ನನ್ನದು. ಆದರೆ ಅಂಥ ತಪ್ಪಿಗೆ ಹ್ಯಾಲೋಥೇನ್ ಕೊಡುವ ಬಿಡುವು ಬಹಳ ಕಿರಿದು. ಅದೇ ಕೆಲಸದಲ್ಲಿ ಸೆವೋಫ್ಲುರೇನ್ ಬಡಿತವನ್ನು ಹೆಚ್ಚು ಕಾಲ ಕಾಪಾಡುತ್ತದೆ. ಉತ್ತರ ಅಮೆರಿಕದಲ್ಲಿ ಮಕ್ಕಳ ಅರಿವಳಿಕೆಯ ವೇಳೆ ಹೃದಯ ನಿಂತ ಪ್ರಕರಣಗಳನ್ನು ಒಟ್ಟುಮಾಡಿದ ದಾಖಲೆಯಲ್ಲಿ, ಅರಿವಳಿಕೆಗೆ ಸಂಬಂಧಿಸಿದ ಪ್ರಕರಣಗಳ ಪೈಕಿ ಔಷಧವೇ ಕಾರಣವಾದವು 1994–97ರ ಅವಧಿಯಲ್ಲಿ ಶೇಕಡಾ 37 ಇದ್ದವು. 1998–2004ರ ಅವಧಿಯಲ್ಲಿ ಶೇಕಡಾ 18ಕ್ಕೆ ಇಳಿದವು. ಆ ನಡುವೆ ಅಲ್ಲಿ ಹ್ಯಾಲೋಥೇನ್ ಜಾಗಕ್ಕೆ ಸೆವೋಫ್ಲುರೇನ್ ಬಂದದ್ದೇ ಈ ಇಳಿಕೆಗೆ ಮುಖ್ಯ ಕಾರಣವೆಂದು ಅಧ್ಯಯನ ಮಾಡಿದವರು ಎಣಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಸೆವೋಫ್ಲುರೇನ್‌ಗೆ ಹಣ ಕೊಡಬೇಕಾದ ಕಾರಣ ಇದೊಂದೇ ಸಾಕು. ಮಗು ಅರ್ಧ ನಿಮಿಷ ಮೊದಲು ಮಲಗಿತು ಎಂಬುದು ದೊಡ್ಡ ಮಾತಲ್ಲ.

ಹ್ಯಾಲೋಥೇನ್‌ನಿಂದ ಯಕೃತ್ತಿಗೆ ತೊಂದರೆ ಎಂಬ ಮಾತನ್ನೂ ನೀವು ಕೇಳಿರಬಹುದು. ಅದು ನಿಜ. ಅದರ ಶೇಕಡಾ 20ರಷ್ಟು ಭಾಗವನ್ನು ಯಕೃತ್ತು ಒಡೆಯುತ್ತದೆ, ಆ ಚೂರುಗಳ ವಿರುದ್ಧ ಮೈ ತಿರುಗಿಬಿದ್ದರೆ ಕಾಮಾಲೆ ಬರುತ್ತದೆ. ಆದರೆ ಇದು ಹೆಚ್ಚಾಗಿ ದೊಡ್ಡವರಲ್ಲಿ, ಮತ್ತೆ ಮತ್ತೆ ಕೊಟ್ಟಾಗ ಕಂಡದ್ದು; ಮಕ್ಕಳಲ್ಲಿ ಬಹಳ ಅಪರೂಪ. ನೀವು ಚಿಕ್ಕಂದಿನಲ್ಲಿ ಹ್ಯಾಲೋಥೇನ್ ತೆಗೆದುಕೊಂಡದ್ದು ಮಗನಿಗೆ ಯಾವ ರೀತಿಯಲ್ಲೂ ಬಾಧಕವಲ್ಲ.

ಹಳಬರು ಹ್ಯಾಲೋಥೇನ್ ಪರವಾಗಿ ಹೇಳುವ ಒಂದು ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಮುಚ್ಚಿಡಬಾರದು. ದವಡೆ ಚಿಕ್ಕದಾಗಿದ್ದು ಟ್ಯೂಬ್ ಹಾಕುವುದೇ ಕಷ್ಟವಾದ ಮಗುವಿನಲ್ಲಿ ಮಾಸ್ಕ್ ತೆಗೆದು, ಗಂಟಲೊಳಗೆ ನೋಡುವ ಸಾಧನವಾದ ಲ್ಯಾರಿಂಗೋಸ್ಕೋಪ್ ಹಾಕಿ, ಧ್ವನಿತಂತುಗಳನ್ನು ಹುಡುಕಲು ಹೊತ್ತು ಬೇಕು. ಅಷ್ಟರಲ್ಲಿ ಸೆವೋಫ್ಲುರೇನ್ ಬೇಗ ಇಳಿದು ಮಗು ಕೆಮ್ಮಲು ಶುರುಮಾಡಬಹುದು. ನೆನೆದ ಮಣ್ಣಿನಂತಿರುವ ಹ್ಯಾಲೋಥೇನ್ ಇನ್ನಷ್ಟು ಹೊತ್ತು ಆಳವನ್ನು ಹಿಡಿದಿಡುತ್ತದೆ. ಈಗ ಇದಕ್ಕೆ ಬೇರೆ ಉಪಾಯಗಳಿವೆ, ಮುಖ್ಯವಾಗಿ ನರಕ್ಕೆ ಕೊಡುವ ನಿದ್ದೆಯ ಔಷಧ ಪ್ರೊಪೊಫಾಲ್. ನಿಮ್ಮ ಮಗನಂಥ ಸಾಮಾನ್ಯ ಮುಖ, ಸಾಮಾನ್ಯ ದವಡೆಯ ಮಗುವಿನಲ್ಲಿ ಈ ಪ್ರಶ್ನೆಯೇ ಬರುವುದಿಲ್ಲ.

ಈಗ ಸೂಜಿಯ ವಿಷಯ. ಬರೀ ಸೆವೋಫ್ಲುರೇನ್‌ನಲ್ಲಿ ಟ್ಯೂಬ್ ಹಾಕಬಹುದು, ಹಾಕಿದ್ದೇನೆ. ಆದರೂ ನಾನು ಮಾಡುವ ಕ್ರಮ ಬೇರೆ, ಮತ್ತು ಅದರಲ್ಲಿ ನಿಮ್ಮ ಮಗ ಸೂಜಿಯನ್ನು ನೋಡುವುದಿಲ್ಲ. ಮಗು ತಾಯಿಯ ತೊಡೆಯ ಮೇಲೋ ಮೇಜಿನ ಮೇಲೋ ಇರುತ್ತದೆ. ಮಾಸ್ಕಿನ ಒಳಗೆ ಸ್ಟ್ರಾಬೆರಿ ವಾಸನೆ ಸವರಿ, ಊದಿ ಬಲೂನು ದೊಡ್ಡದು ಮಾಡು ಎಂದು ಹೇಳುತ್ತೇವೆ. ಬಲೂನೆಂದರೆ ನಮ್ಮ ಉಸಿರುಚೀಲ. ಒಂದೆರಡು ನಿಮಿಷದಲ್ಲಿ ರೆಪ್ಪೆಗೂದಲು ಸವರಿದರೂ ಮಿಟುಕುವುದು ನಿಲ್ಲುತ್ತದೆ. ಅಲ್ಲಿಗೆ ನಿದ್ದೆ ಬಂತು, ಗಂಟಲು ಇನ್ನೂ ಒಪ್ಪಿಲ್ಲ. ಕೈಕಾಲು ಒಮ್ಮೆ ಕೊಸರಬಹುದು, ಕಣ್ಣುಗುಡ್ಡೆ ಅತ್ತಿತ್ತ ಹೊರಳುತ್ತದೆ. ಈ ಘಟ್ಟದಲ್ಲಿ ಗದ್ದಲ ಮಾಡುವುದಾಗಲಿ ಸೂಜಿ ಚುಚ್ಚುವುದಾಗಲಿ ತಪ್ಪು. ಉಸಿರು ಒಂದೇ ಸಮನಾಗಿ, ಕಣ್ಣುಗುಡ್ಡೆ ನಡುವಿಗೆ ಬಂದು ನಿಂತು, ಪಾಪೆ ಚಿಕ್ಕದಾಗಿ, ಕೆಳದವಡೆ ಬೆರಳಿಗೆ ಮೆತ್ತಗೆ ಸಿಕ್ಕಿದ ಮೇಲೆ ಕೈಹಿಂಬದಿಯ ನರಕ್ಕೆ ಸಣ್ಣ ಸೂಜಿ ಹಾಕುತ್ತೇವೆ. ಮಗುವಿಗೆ ಅದರ ಅರಿವಿರುವುದಿಲ್ಲ. ಆ ದಾರಿಯಲ್ಲಿ ಸ್ವಲ್ಪ ಪ್ರೊಪೊಫಾಲ್, ಬೇಕಿದ್ದರೆ ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ ಗ್ಯಾಸನ್ನು ಅತಿ ಆಳಕ್ಕೆ ಒಯ್ಯದೆಯೇ ಧ್ವನಿತಂತುಗಳು ಬಿಚ್ಚಿಕೊಳ್ಳುತ್ತವೆ. ಮೇಲಾಗಿ ಗಂಟಲು ಬಿಗಿದುಕೊಂಡರೆ ಬಿಡಿಸುವ ಔಷಧ ಕೊಡಲು ದಾರಿ ತೆರೆದಿರುತ್ತದೆ. ನಾಲ್ಕು ವರ್ಷದವನಿಗೆ ಸಾಮಾನ್ಯವಾಗಿ ಒಳಗಿನ ವ್ಯಾಸ 4.5 ಮಿಲಿಮೀಟರಿನ, ಕಫ್ (ತುದಿಯ ಬಳಿ ಊದುವ ತೆಳು ಚೀಲ) ಇರುವ ಟ್ಯೂಬ್, ತುಟಿಯ ಬಳಿ ಸುಮಾರು 14 ಸೆಂಟಿಮೀಟರಿನ ಗುರುತಿಗೆ ನಿಲ್ಲುತ್ತದೆ. ಟಾನ್ಸಿಲ್ ಕೆಲಸದಲ್ಲಿ ರಕ್ತ ಉಸಿರುನಳಿಕೆಗೆ ಇಳಿಯದಂತೆ ಅದು ತಡೆಯುತ್ತದೆ. ಈ ಕೆಲಸಕ್ಕೆ ಸಿಗುವ ಸಮಯ ದೊಡ್ಡವರಿಗಿಂತ ಬಹಳ ಕಡಿಮೆ, ಏಕೆಂದರೆ ಮಗು ಕಿಲೋ ತೂಕಕ್ಕೆ ದೊಡ್ಡವರ ಎರಡು ಪಟ್ಟಿನಷ್ಟು ಆಮ್ಲಜನಕ ಖರ್ಚು ಮಾಡುತ್ತದೆ.

ಖರ್ಚಿನ ಬಗ್ಗೆಯೂ ಲೆಕ್ಕ ಕೊಡುತ್ತೇನೆ. ನಿಮಿಷಕ್ಕೆ ಇಷ್ಟು ಲೀಟರ್ ಎಂದು ಹರಿಯುವ ಗಾಳಿ, ಗ್ಯಾಸಿನ ಶೇಕಡಾವಾರು, ಇವೆರಡನ್ನೂ ಗುಣಿಸಿ ಮೂರು ಪಟ್ಟು ಮಾಡಿದರೆ ಗಂಟೆಗೆ ಎಷ್ಟು ಮಿಲಿಲೀಟರ್ ದ್ರವ ಖರ್ಚಾಗುತ್ತದೆಂದು ಸುಮಾರಾಗಿ ತಿಳಿಯುತ್ತದೆ. ನಿಮಿಷಕ್ಕೆ 6 ಲೀಟರಿನಲ್ಲಿ ಶೇಕಡಾ 8 ಕೊಟ್ಟರೆ ಗಂಟೆಗೆ 144 ಮಿಲಿಲೀಟರ್, ಐದು ನಿಮಿಷಕ್ಕೆ 12. ಆಮೇಲೆ ಹರಿವನ್ನು 1 ಲೀಟರಿಗೆ ಇಳಿಸಿ ಶೇಕಡಾ 2.5ರಲ್ಲಿ ಮುಂದುವರಿಸಿದರೆ ಗಂಟೆಗೆ ಏಳೂವರೆ. ಎಂದರೆ ಮುಕ್ಕಾಲು ಗಂಟೆಯ ಕೆಲಸಕ್ಕೆ 20 ಮಿಲಿಲೀಟರಿನ ಆಸುಪಾಸು, 250 ಮಿಲಿಲೀಟರಿನ ಬಾಟಲಿಯಲ್ಲಿ ಹತ್ತರಲ್ಲೊಂದು ಭಾಗವೂ ಅಲ್ಲ. ಹರಿವು ಹೆಚ್ಚು ಬೇಕಾಗುವ ಯಂತ್ರಗಳಲ್ಲಿ ಖರ್ಚೂ ಹೆಚ್ಚು. ನಿಮ್ಮ ಪಟ್ಟಿಯಲ್ಲಿರುವ ಮೊತ್ತ ಇದಕ್ಕೆ ಹೊಂದುತ್ತದೆಯೇ ಎಂದು ನೀವು ಸಂಕೋಚವಿಲ್ಲದೆ ಕೇಳಬಹುದು.

ಸೆವೋಫ್ಲುರೇನ್‌ಗೂ ಕುಂದುಗಳಿವೆ. ಬೇಗ ಎಚ್ಚರವಾಗುವ ಮಕ್ಕಳಲ್ಲಿ ಕೆಲವರು ಗಾಬರಿಯಿಂದ ಕಿರುಚುತ್ತಾರೆ, ಕೈಕಾಲು ಬಡಿಯುತ್ತಾರೆ, ತಾಯಿಯನ್ನೂ ಗುರುತಿಸುವುದಿಲ್ಲ. ಇದು ಹ್ಯಾಲೋಥೇನ್‌ಗಿಂತ ಸೆವೋಫ್ಲುರೇನ್‌ನಲ್ಲಿ ಹೆಚ್ಚು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ; ನೋವಿಗೆ ಸರಿಯಾಗಿ ಔಷಧ ಕೊಟ್ಟು, ಕೊನೆಯಲ್ಲಿ ಸ್ವಲ್ಪ ಪ್ರೊಪೊಫಾಲ್ ಕೊಟ್ಟರೆ ಬಹಳ ಕಡಿಮೆಯಾಗುತ್ತದೆ. ಅಪಸ್ಮಾರವಿರುವ ಮಗುವಾದರೆ, ಡೌನ್ ಸಿಂಡ್ರೋಮ್ ಇದ್ದರೆ ವೈದ್ಯರಿಗೆ ಮೊದಲೇ ತಿಳಿದಿರಬೇಕು. ಮೊದಲನೆಯದರಲ್ಲಿ ಹೆಚ್ಚಿನ ಪ್ರಮಾಣ ಮಿದುಳಿನ ವಿದ್ಯುತ್ತನ್ನು ಕೆದಕಬಹುದು, ಎರಡನೆಯದರಲ್ಲಿ ಹೃದಯ ನಿಧಾನವಾಗಬಹುದು. ಅರಿವಳಿಕೆಯಲ್ಲಿ ಮೈ ವಿಪರೀತ ಬಿಸಿಯಾಗಿ ಸ್ನಾಯು ಸೆಟೆದುಕೊಂಡ ಸಂಗತಿ ನಿಮ್ಮ ಅಥವಾ ಯಜಮಾನರ ಕುಟುಂಬದಲ್ಲಿ ಯಾರಿಗಾದರೂ ಆಗಿದ್ದರೆ ತಪ್ಪದೆ ಹೇಳಿ: ಅದು ವಂಶದಲ್ಲಿ ಬರುವಂಥದ್ದು, ಈ ಜಾತಿಯ ಯಾವ ಗ್ಯಾಸನ್ನೂ ಆಗ ಕೊಡುವಂತಿಲ್ಲ. ಮಗುವಿನ ಬುದ್ಧಿಗೆ ಪೆಟ್ಟೇ ಎಂಬ ಭಯವನ್ನು ಅನೇಕ ತಾಯಂದಿರು ಹೇಳಿಕೊಳ್ಳುತ್ತಾರೆ. ಹರ್ನಿಯಾಕ್ಕೆ ಬಂದ ಎಳೆಗೂಸುಗಳಲ್ಲಿ ಸೆವೋಫ್ಲುರೇನ್ ಪಡೆದವರನ್ನೂ, ಎಚ್ಚರದಲ್ಲೇ ಬೆನ್ನಿನ ಇಂಜೆಕ್ಷನ್ ಪಡೆದವರನ್ನೂ ಐದು ವರ್ಷದವರೆಗೆ ಗಮನಿಸಿದ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಒಂದು ಗಂಟೆಗಿಂತ ಕಡಿಮೆ ಅವಧಿಯ ಒಂದು ಅರಿವಳಿಕೆಯಿಂದ ಬುದ್ಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕೊನೆಗೆ ನೆಗಡಿ. ನೆಗಡಿಯಾದ ಮಗುವಿನ ಗಂಟಲು ಸಣ್ಣ ಸ್ಪರ್ಶಕ್ಕೂ ಕೆರಳುತ್ತದೆ. ಎಷ್ಟೇ ಒಳ್ಳೆಯ ಗ್ಯಾಸಾದರೂ ಧ್ವನಿಪೆಟ್ಟಿಗೆ ಬಿಗಿದುಕೊಳ್ಳುವ ಸಂಭವ ಏರುತ್ತದೆ. ಅಡಿನಾಯ್ಡ್ ಊದಿರುವ ಮಕ್ಕಳ ಮೂಗು ಮಳೆಗಾಲವಿಡೀ ಸೋರುವುದು ಹೊಸದಲ್ಲ, ನೀರಿನಂತೆ ತಿಳಿಯಾಗಿ ಸೋರುತ್ತಿದ್ದು ಮಗು ಆಡಿಕೊಂಡಿದ್ದರೆ ವೈದ್ಯರು ಮುಂದುವರಿಯಬಹುದು. ಜ್ವರ, ಹಳದಿ ಸಿಂಬಳ, ಎದೆಯಲ್ಲಿ ಗೊರಗೊರ ಶಬ್ದ, ಕಫದ ಕೆಮ್ಮು ಇದ್ದರೆ ಎರಡರಿಂದ ನಾಲ್ಕು ವಾರ ಮುಂದೂಡುವುದು ಒಳ್ಳೆಯದು. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಮಗುವಿನ ಹತ್ತಿರ ಸುಳಿಯದಂತೆ ಮಾಡಿ, ಬಚ್ಚಲೊಲೆಯ ಹೊಗೆಯಿಂದಲೂ ಅವನನ್ನು ದೂರವಿಡಿ.

ಬೆಳಗಿನ ಮೊದಲ ಬಸ್ಸಿಗೆ ಹೊರಡುವವರು ಮಗುವನ್ನು ಹಿಂದಿನ ರಾತ್ರಿಯಿಂದ ನೀರೂ ಕೊಡದೆ ಕರೆತರುವುದನ್ನು ನೋಡುತ್ತೇನೆ. ಅಷ್ಟು ಒಣಗಿಸಬೇಡಿ. ಊಟ ತಿಂಡಿ, ಹಸುವಿನ ಹಾಲು ಆರು ಗಂಟೆ ಮೊದಲೇ ನಿಲ್ಲಬೇಕು, ನಮ್ಮ ಹಾಲು ಹಾಕಿದ ಕಷಾಯವೂ ಈ ಲೆಕ್ಕಕ್ಕೇ ಸೇರುತ್ತದೆ. ಸಕ್ಕರೆ ನೀರೋ ಎಳನೀರೋ ಎಂಬ ಗೊಂದಲ ಬೇಡ: ಲೋಟದ ಆಚೆಗೆ ಬೆರಳು ಸ್ಪಷ್ಟವಾಗಿ ಕಾಣುವಷ್ಟು ತಿಳಿಯಾದ ಸಿಹಿನೀರನ್ನು ಎರಡು ಗಂಟೆ ಮೊದಲಿನವರೆಗೆ ಕೊಡಬಹುದು. ಮತ್ತು ಹೊರಡುವ ಹಿಂದಿನ ಸಂಜೆ ಮಗುವಿನ ಮೈ ಮುಟ್ಟಿ ನೋಡಿ, ಬೆನ್ನಿಗೆ ಕಿವಿಯಿಟ್ಟು ಕೇಳಿ. ಏನಾದರೂ ಅನುಮಾನ ಬಂದರೆ ಬಸ್ಸು ಹತ್ತುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಅರಿವಳಿಕೆ ವೈದ್ಯರೊಂದಿಗೇ ಮಾತಾಡಬೇಕೆಂದು ಕೇಳಿ.